ಮೂಟೆಯಿಂದ ಎದ್ದ ಕೋಳಿ

ಗುಜರಿ ಅಕ್ಕನನ್ನು ಮನೆಗೆ ಕರೆಯುವವರು ಒಂದು ಎಚ್ಚರಿಕೆ ವಹಿಸುತ್ತಿದ್ದರು. ಅವಳು ಕೂರುವ ಕುರ್ಚಿಯ ಆಸುಪಾಸಿನಲ್ಲಿ ಬಿಚ್ಚಲು ಬರುವಂಥ ಯಾವ ವಸ್ತುವನ್ನೂ ಇಡುತ್ತಿರಲಿಲ್ಲ. ಅಕ್ಕ ಕಳ್ಳಿಯಲ್ಲ, ಯಾರ ಮನೆಯಿಂದಲೂ ಒಂದು ಸೂಜಿ ಎತ್ತಿಕೊಂಡು ಹೋದವಳಲ್ಲ. ಆದರೆ ಮಾತಿಗೆ ಕೂತಳೆಂದರೆ ಅವಳ ಕೈಗಳು ತಮ್ಮ ಪಾಡಿಗೆ ತಾವು ಕೆಲಸ ಶುರು ಮಾಡಿಬಿಡುತ್ತಿದ್ದವು. ದರ್ಜಿಯ ಮನೆಯಲ್ಲಿ ಅರ್ಧ ಗಂಟೆ ಹರಟಿ ಎದ್ದುಹೋದ ಮೇಲೆ ನೋಡಿದರೆ ಮೇಜಿನ ಮೇಲಿದ್ದ ಅಲಾರಂ ಗಡಿಯಾರ ಹಿತ್ತಾಳೆ ಒಂದು ಕಡೆ, ಕಬ್ಬಿಣ ಒಂದು ಕಡೆ, ಗಾಜು ಇನ್ನೊಂದು ಕಡೆ ಆಗಿ ಪುಟ್ಟ ಗುಡ್ಡೆಗಳಾಗಿ ಕೂತಿತ್ತು. ಹಲ್ಲಿನ ಡಾಕ್ಟರ ಬಳಿ ಸರದಿ ಕಾಯುತ್ತ ಪಕ್ಕದವಳೊಡನೆ ಮಾತಾಡುತ್ತ ಅವರ ಕೋಣೆಯ ಬಾಗಿಲ ಹಿಡಿಯನ್ನೇ ಕಳಚಿಬಿಟ್ಟಿದ್ದಳು. ಡಾಕ್ಟರು ಒಳಗೇ ಸಿಕ್ಕಿಕೊಂಡು ಬಾಗಿಲು ಬಡಿದರೆ, ಹೊರಗೆ ಕೂತಿದ್ದವರು ಯಾರದೋ ಹಲ್ಲು ಕೀಳುವುದು ಕಷ್ಟವಾಗಿದೆ ಎಂದುಕೊಂಡು ಇನ್ನಷ್ಟು ಹೆದರಿ ಕೂತರಂತೆ.

"ನಾನೇನು ಮಾಡ್ಲಿ? ಬಾಯಿ ಮಾತಾಡ್ತಾ ಇದ್ರೆ ಕೈ ಸುಮ್ನಿರಲ್ಲ" ಎಂದು ಅಕ್ಕ ಪೇಚಾಡುತ್ತಿದ್ದಳು.

ಆ ಕೈಗಳನ್ನು ಬೈದು ಪ್ರಯೋಜನವಿಲ್ಲ. ಅವಳಿಗೆ ಬುದ್ಧಿ ತಿಳಿಯುವ ಮೊದಲೇ ಅವು ಅಪ್ಪನ ಗುಜರಿ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ್ದವು. ಕಬ್ಬಿಣ, ಹಿತ್ತಾಳೆ, ತಾಮ್ರ, ಅಲ್ಯೂಮಿನಿಯಂ ಎಂದು ನಾಲ್ಕು ಮೂಟೆಗಳು. ಬಂದದ್ದನ್ನು ಬಿಚ್ಚಿ ಅದರದರ ಮೂಟೆಗೆ ಹಾಕುವುದೇ ಬದುಕು. ಅಮ್ಮ ತೀರಿಕೊಂಡಾಗ ಅಕ್ಕನ ಮಡಿಲಲ್ಲಿ ಇನ್ನೂ ನಡೆಯಲು ಬಾರದ ತಮ್ಮನಿದ್ದ. ಅವನನ್ನು ಕಾಲಮೇಲೆ ಮಲಗಿಸಿಕೊಂಡೇ ಅವಳು ಹಳೆಯ ಫ್ಯಾನಿನ ಮೋಟಾರು ಬಿಚ್ಚುತ್ತಿದ್ದಳು. ತಮ್ಮನಿಗೆ ಜೋಗುಳವೆಂದರೆ ಹಿತ್ತಾಳೆಯ ತುಂಡು ಮೂಟೆಗೆ ಬೀಳುವ ಸದ್ದು.

ಅಪ್ಪ ಬಿಟ್ಟುಹೋದದ್ದು ಅಂಗಡಿಯನ್ನು ಮಾತ್ರವಲ್ಲ, ಒಂದು ಅಯಸ್ಕಾಂತವನ್ನೂ. ಹಳೆಯ ರೇಡಿಯೋದ ಸ್ಪೀಕರಿನಿಂದ ತೆಗೆದ ಬಳೆಯಂಥ ಅಯಸ್ಕಾಂತ, ಒಂದು ಅಂಚು ಮುಕ್ಕಾದದ್ದು, ದಾರ ಕಟ್ಟಿದ್ದು. ಗುಜರಿಯವರಿಗೆ ಅದೇ ಕಣ್ಣು. ತಂದ ವಸ್ತುವಿಗೆ ತಾಗಿಸಿ ನೋಡಿದರೆ ಕಚ್ಚಿಕೊಂಡದ್ದು ಕಬ್ಬಿಣ, ಕಚ್ಚದೆ ಜೋಲಾಡಿದರೆ ಬೇರೆ ಲೋಹ. ಅಕ್ಕ ಅದನ್ನು ಸೊಂಟದ ಚೀಲದಲ್ಲಿ ಇಟ್ಟುಕೊಂಡು ಅಂಗಡಿಗೆ ಬಂದ ಪ್ರತಿಯೊಂದಕ್ಕೂ ತಾಗಿಸುತ್ತಿದ್ದಳು. ಗೊತ್ತಿದ್ದರೂ ತಾಗಿಸುತ್ತಿದ್ದಳು. ತಲೆ ಓರೆ ಮಾಡಿ, ಒಂದು ಕಡ್ಡಿ ಮುರಿದು ದಾರ ಸುತ್ತಿದ್ದ ಕನ್ನಡಕದ ಮೇಲಿಂದ ಇಣುಕಿ, ಯಾರನ್ನೂ ನಂಬದ ಮುಖ ಮಾಡಿಕೊಂಡು ಅವಳು ಅಯಸ್ಕಾಂತ ಇಳಿಬಿಡುವುದನ್ನು ನೋಡಲೆಂದೇ ಕೆಲವರು ಅಂಗಡಿಯ ಮುಂದೆ ನಿಲ್ಲುತ್ತಿದ್ದರು. ಆ ಅಯಸ್ಕಾಂತ ಹೋದ ಬೇಸಿಗೆಯಲ್ಲಿ ಕಳೆದುಹೋಯಿತು. ಅಕ್ಕ ಅಂಗಡಿಯನ್ನು ತಲೆಕೆಳಗು ಮಾಡಿ ಹುಡುಕಿದಳು, ಕಂಡಕಂಡವರ ಮೇಲೆ ಗುಮಾನಿಪಟ್ಟಳು, ಕೊನೆಗೆ ಹೊಸದೊಂದನ್ನು ತಂದುಕೊಂಡು, "ಇದಕ್ಕೆ ಅದರ ಹಿಡಿತ ಇಲ್ಲ" ಎಂದು ದಿನವೂ ಗೊಣಗುತ್ತಿದ್ದಳು.

ತಮ್ಮನಿಗೆ ಬೀದಿಯವರಿಟ್ಟ ಹೆಸರು ಕಿಡಿ. ಬಸ್ಸಿನ ಬಾಡಿ ಕಟ್ಟುವ ಕಾರ್ಖಾನೆಯಲ್ಲಿ ವೆಲ್ಡರ್ ಆಗಿದ್ದವನು, ಕಣ್ಣು ಕೈಕೊಡತೊಡಗಿದಾಗ ಕೆಲಸ ಬಿಟ್ಟು, ಅಕ್ಕನ ಅಂಗಡಿಯ ಹಿಂದಿನ ಶೆಡ್ಡಿನಲ್ಲಿ ಠಿಕಾಣಿ ಹೂಡಿದ. ಅಕ್ಕ ಬೆಳಗ್ಗೆಯೆಲ್ಲ ಕೂತು ಬಿಚ್ಚಿ ಬೇರೆ ಮಾಡಿದ್ದನ್ನು ಇವನು ಮಧ್ಯಾಹ್ನ ಕೂತು ಮತ್ತೆ ಒಂದಕ್ಕೊಂದು ಸೇರಿಸುತ್ತಿದ್ದ. ಸೈಕಲ್ ಬೆಲ್ಲುಗಳ ಕಪ್ಪೆ. ಸ್ಪ್ರಿಂಗಿನ ಬಾಲದ ಬೆಕ್ಕು, ತಲೆ ಒತ್ತಿದರೆ ಬಾಲ ಅಲ್ಲಾಡಿಸುವಂಥದ್ದು. ಕುಕ್ಕರಿನ ಹೊಟ್ಟೆ ಹೊತ್ತು, ಅದರ ಸೀಟಿಯನ್ನೇ ಟೋಪಿ ಮಾಡಿಕೊಂಡ ಸಾಹೇಬ. ಅವನ ಕಂಕುಳಲ್ಲಿ ಬ್ರೇಕ್ ಪೆಡಲಿನ ಫೈಲು. ಪೆಟ್ರೋಲ್ ಟ್ಯಾಂಕಿನ ಹಂದಿ, ಮೂಗಿನ ಜಾಗದಲ್ಲಿ ಪ್ಲಗ್ ಪಾಯಿಂಟು. ಬೀದಿಯ ಮಕ್ಕಳು ದೊಡ್ಡವರು ಎಲ್ಲ ಬಂದು ನೋಡಿ ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದರು.

ನಗದವಳು ಒಬ್ಬಳೇ.

"ನೋಡಕ್ಕ, ಹೇಗಿದೆ?" ಎಂದು ತಮ್ಮ ಕೇಳಿದರೆ ಅಕ್ಕ ಹಂದಿಯ ಸುತ್ತ ಒಂದು ಸುತ್ತು ಬಂದು, ಬೆರಳಿನಿಂದ ತಟ್ಟಿ, "ಕಿವಿ ಅಲ್ಯೂಮಿನಿಯಂದು. ಕಬ್ಬಿಣದ ಜೊತೆ ಸೇರ್ಸಿದ್ದೀಯ" ಎನ್ನುತ್ತಿದ್ದಳು.

"ಅದಲ್ಲಕ್ಕ. ಹಂದಿ ಹೇಗಿದೆ ಅಂತ."

"ಗಟ್ಟಿಯಾಗಿದೆ."

ಅವಳಿಗೆ ತಮ್ಮನ ಮೇಲೆ ಪ್ರೀತಿಯಿಲ್ಲವೆಂದಲ್ಲ. ಜೀವವನ್ನೇ ಇಟ್ಟಿದ್ದಳು. ಆದರೆ ಅವಳ ಕಣ್ಣಿಗೆ ಆಕಾರ ಬೀಳುತ್ತಲೇ ಇರಲಿಲ್ಲ, ಲೋಹ ಬೀಳುತ್ತಿತ್ತು. ಚಿಕ್ಕಂದಿನಲ್ಲೂ ಹಾಗೇ. ಅವಳು ಗುಡ್ಡೆ ಮಾಡುತ್ತಿದ್ದರೆ ಪಕ್ಕದಲ್ಲಿ ಕೂತು ಅವನು ಅದರಿಂದಲೇ ಕುದುರೆಯನ್ನೋ ಕೋತಿಯನ್ನೋ ಜೋಡಿಸುತ್ತಿದ್ದ. ಸಂಜೆ ಲಾರಿ ಬಂದಾಗ ಅವಳು ಕುದುರೆಯನ್ನು ಬಿಚ್ಚಿ ಮೂಟೆಗೆ ಹಾಕಲೇಬೇಕಿತ್ತು. ಅವನು ಅಳುತ್ತಿರಲಿಲ್ಲ. "ನಾಳೆ ಬೇರೆ ಮಾಡ್ತೀನಿ ಬಿಡಕ್ಕ" ಎಂದು ಅವಳನ್ನೇ ಸಮಾಧಾನ ಮಾಡುತ್ತಿದ್ದ. ಆ ಮನೆಯಲ್ಲಿ ನಗುವುದಕ್ಕೆ ಬಿಡುವು ಇದ್ದದ್ದು ಅವನೊಬ್ಬನಿಗೆ. ದೊಡ್ಡವನಾದ ಮೇಲೆ ಅವನ ಮನಸ್ಸಿನಲ್ಲಿ ಒಂದೇ ಆಸೆ ಗೂಡು ಕಟ್ಟಿತ್ತು: ಒಂದು ಸಲ, ಒಂದೇ ಸಲ, ತಾನು ಮಾಡಿದ್ದನ್ನು ನೋಡಿ ಅಕ್ಕ ನಗಬೇಕು.

ಅವನ ಎಡಗಣ್ಣು ಹೆಚ್ಚುಕಡಿಮೆ ಹೋಗಿತ್ತು. ಬಲಗಣ್ಣಿಗೆ ಆಪರೇಷನ್ ಆಗಬೇಕೆಂದು ಡಾಕ್ಟರು ಹೇಳಿದರು. "ಆದ ಮೇಲೆ ಓಡಾಡೋಕೆ, ಜನರ ಮುಖ ನೋಡೋಕೆ ಏನೂ ತೊಂದ್ರೆ ಇರಲ್ಲ. ಆದ್ರೆ ಸಣ್ಣ ಕೆಲಸ, ಬೆಂಕಿ ಕೆಲಸ, ಎರಡರ ಕಡೆಗೂ ಇನ್ಮೇಲೆ ತಲೆ ಹಾಕಿಯೂ ಮಲಗ್ಬೇಡಿ" ಎಂದರು. ಕಿಡಿ ತಲೆಯಾಡಿಸಿ ಮನೆಗೆ ಬಂದವನು ಶೆಡ್ಡು ಸೇರಿಕೊಂಡ. ಬೇಸಿಗೆ ಕಳೆದು ಚಳಿ ಬರುವವರೆಗೂ ಅಲ್ಲಿ ಏನೋ ಕಟ್ಟಿದ. ವೆಲ್ಡಿಂಗಿನ ಕಿಡಿಯೇ ಇಲ್ಲದ ಕೆಲಸ. ತಡಕಾಡಿ ತಡಕಾಡಿ ತಂತಿ ಸುತ್ತುವುದು, ನಟ್ಟು ಬಿಗಿಯುವುದು. ಅವನ ಬೆರಳ ತುದಿಗಳೆಲ್ಲ ತಂತಿ ಚುಚ್ಚಿ ಗಾಯವಾಗಿದ್ದವು. ಯಾರನ್ನೂ ಒಳಗೆ ಬಿಡಲಿಲ್ಲ. ಆಸ್ಪತ್ರೆಗೆ ಹೊರಡುವ ಹಿಂದಿನ ದಿನ ಅದರ ಮೇಲೆ ಹಳೆಯ ಹೊದಿಕೆಯೊಂದನ್ನು ಮುಚ್ಚಿದ.

"ಇದೇ ಕೊನೇದು ಅಕ್ಕ. ಇನ್ನು ನನ್ನ ಕೈಲಾಗಲ್ಲ. ಬಂದ್ಮೇಲೆ ನಾನೇ ತೆಗೆದು ತೋರಿಸ್ತೀನಿ. ಅಲ್ಲೀವರೆಗೂ ಮುಟ್ಬೇಡ. ವೆಲ್ಡ್ ಮಾಡಿಲ್ಲ, ಬರೀ ಕಟ್ಟಿದ್ದೀನಿ."

"ನಾನ್ಯಾಕೋ ಮುಟ್ಲಿ?" ಎಂದಳು ಅಕ್ಕ. ಮನಸಾರೆ ಹೇಳಿದ ಮಾತು ಅದು.

ಆಪರೇಷನ್ನಿನ ದಿನ ಅವಳು ಅಂಗಡಿ ತೆರೆಯಲಿಲ್ಲ. ಆಸ್ಪತ್ರೆಯಲ್ಲಿ ಒಬ್ಬರಿಗೆ ಮಾತ್ರ ಜಾಗ. ಕಿಡಿಯ ಹೆಂಡತಿ ಜೊತೆಗೆ ಹೋಗಿದ್ದಳು. ಅಕ್ಕ ಮನೆಯಲ್ಲಿ ಕೂತು ಎದ್ದು, ಎದ್ದು ಕೂತು, ಕೊನೆಗೆ ಫೋನು ಹಿಡಿದು ಶೆಡ್ಡಿಗೆ ಹೋದಳು. ಆ ಇಡೀ ಅಂಗಳದಲ್ಲಿ ಫೋನಿನ ಸಿಗ್ನಲ್ ಸರಿಯಾಗಿ ಸಿಗುವುದು ಅಲ್ಲೊಂದೇ ಕಡೆ, ತಮ್ಮನ ಮುಕ್ಕಾಲಿಯ ಮೇಲೆ. ಕೂತಳು. ಕಾಲಬುಡದಲ್ಲಿ ತಮ್ಮ ಬರಿದು ಮಾಡಿಟ್ಟ ನಾಲ್ಕು ಮೂಟೆಗಳು, ಎದುರಿಗೇ ಹೊದಿಕೆ. ಎಣ್ಣೆಯ ಕಲೆ, ಧೂಳು, ಜೇಡರ ಬಲೆ. ಇದನ್ನು ಒಗೆದು ಹಾಕಿದರೆ ಅವನು ಬರುವಷ್ಟರಲ್ಲಿ ಒಣಗುತ್ತದೆ ಎಂದು ಅವಳಿಗೆ ಅನಿಸಿತು. ಒಗೆಯಲೆಂದು ಹೊದಿಕೆ ಎಳೆದಳು, ಇನ್ನೇನು ತಲೆಯೆತ್ತಿ ನೋಡಬೇಕು, ಫೋನು ಬಡಿದುಕೊಂಡಿತು.

"ಅತ್ತಿಗೆ, ಇನ್ನೂ ಕರೆದಿಲ್ಲ" ಎಂದಳು ಕಿಡಿಯ ಹೆಂಡತಿ. ಸ್ಪೀಕರ್ ಹಾಕಿದ್ದಳು, ವಾರ್ಡಿನ ಗದ್ದಲವೆಲ್ಲ ಕೇಳುತ್ತಿತ್ತು. "ಇವರೂ ಇಲ್ಲೇ ಮಲಗಿದ್ದಾರೆ. ನಮಗಿಂತ ಮುಂಚೆ ಇನ್ನೂ ಮೂರ್ನಾಲ್ಕು ಜನ ಇದ್ದಾರಂತೆ. ನನಗೆ ಒಬ್ಬಳೇ ಕೂರೋಕೆ ಭಯ ಆಗತ್ತೆ, ಫೋನ್ ಇಡ್ಬೇಡಿ."

"ಇಡಲ್ಲ ಕಣಮ್ಮ. ಮಾತಾಡು" ಎಂದು ಅಕ್ಕ ತನ್ನ ಫೋನಿಗೂ ಸ್ಪೀಕರ್ ಹಾಕಿ ಪಕ್ಕದ ಪೆಟ್ಟಿಗೆಯ ಮೇಲಿಟ್ಟಳು. ಎದುರಿಗೆ ನಿಂತದ್ದರ ಮೇಲೆ ಅವಳ ಕಣ್ಣು ಒಮ್ಮೆ ಹೊರಳಿತು. ಅವಳಿಗೆ ಕಂಡದ್ದು ಒಂದೇ: ಕಬ್ಬಿಣವನ್ನು ಕಬ್ಬಿಣಕ್ಕೆ ಬಿಗಿಯಲು ತಮ್ಮ ತಾಮ್ರದ ತಂತಿ ಸುತ್ತಿದ್ದ. ತಾಮ್ರವನ್ನು ಯಾರಾದರೂ ಕಟ್ಟಲು ಬಳಸುತ್ತಾರೆಯೇ?

ಮುಂದಿನದು ಅವಳಿಗೆ ತಿಳಿಯಲಿಲ್ಲ. ಕಿಡಿಯ ಹೆಂಡತಿ ನರ್ಸಮ್ಮನ ಸಿಡುಕಿನ ಬಗ್ಗೆ ಹೇಳಿದಳು, ಅಕ್ಕ ಸಮಾಧಾನ ಹೇಳಿದಳು. ಕಣ್ಣಿಗೆ ಹಾಕಿದ ಔಷಧಿ ಉರಿಯುತ್ತಿದೆಯಂತೆ, ಅಕ್ಕ ಲೊಚಗುಟ್ಟಿದಳು. ಸ್ವಲ್ಪ ಹೊತ್ತಿಗೆ ಆ ಕಡೆಯ ದನಿ ನಡುಗಿತು.

"ಅತ್ತಿಗೆ, ಈಗ ಬಿಪಿ ನೋಡಿದ್ರು. ಬೆಳಗ್ಗೆ ಸರಿಯಾಗಿತ್ತು, ಈಗ ಇದ್ದಕ್ಕಿದ್ದಂಗೆ ಏರಿಬಿಟ್ಟಿದೆಯಂತೆ. ಹೀಗಿದ್ರೆ ಆಪರೇಷನ್ ಮಾಡೋಕಾಗಲ್ಲ ಅಂತಿದ್ದಾರೆ."

ಅಕ್ಕ ಫೋನಿನ ಕಡೆ ಬಗ್ಗಿದಳು. "ಯಾಕಂತೆ? ಏನಾಯ್ತಂತೆ? ಅವನಿಗೆ ಹೇಳು, ಏನೂ ಯೋಚ್ನೆ ಮಾಡ್ಬೇಡ ಅಂತ. ಇಲ್ಲಿ ಎಲ್ಲಾ ಸರಿಯಾಗಿದೆ ಅಂತ ಹೇಳು" ಎಂದಳು. ಬಾಯಿ ನಡುಗಿದಷ್ಟೂ ಕೈ ಚುರುಕಾಯಿತು. ಇನ್ನೊಂದು ಸಲ ಬಿಪಿ ನೋಡುವವರೆಗೂ, ಅದು ಇಳಿಯುವವರೆಗೂ, ಅವನನ್ನು ಒಳಗೆ ಕರೆದೊಯ್ಯುವವರೆಗೂ, ಆಮೇಲೆ ಅವನು ಹೊರಗೆ ಬಂದು "ಚೆನ್ನಾಗಿ ಆಯ್ತಂತೆ ಅತ್ತಿಗೆ" ಎಂಬ ಮಾತು ಕೇಳುವವರೆಗೂ ಅಕ್ಕ ಆ ಮುಕ್ಕಾಲಿ ಬಿಟ್ಟು ಏಳಲಿಲ್ಲ.

ಫೋನಿಟ್ಟು, ಉಸ್ಸೆಂದು ಉಸಿರುಬಿಟ್ಟು, ಕಣ್ಣೊರೆಸಿಕೊಂಡು ಎದುರಿಗೆ ನೋಡಿದಳು. ಎದುರಿಗೆ ಗೋಡೆ ಕಂಡಿತು. ಗೋಡೆಗೂ ಅವಳಿಗೂ ನಡುವೆ ಏನಿತ್ತೋ ಅದು ಇರಲಿಲ್ಲ. ಮುಕ್ಕಾಲಿಯ ಸುತ್ತ ನಾಲ್ಕು ಮೂಟೆಗಳು, ಬಾಯಿ ತೆರೆದುಕೊಂಡು, ಕಬ್ಬಿಣ ಬೇರೆ, ಹಿತ್ತಾಳೆ ಬೇರೆ, ತಾಮ್ರ ಬೇರೆ, ಅಲ್ಯೂಮಿನಿಯಂ ಬೇರೆ. ನೋಡಿದವರು ಮೆಚ್ಚಬೇಕು, ಅಷ್ಟು ಅಚ್ಚುಕಟ್ಟು.

ಅಕ್ಕ ತಲೆಮೇಲೆ ಕೈಹೊತ್ತು ಕೂತಳು. ಅವನ ಗಾಯವಾದ ಬೆರಳುಗಳು ಕಣ್ಣಮುಂದೆ ಬಂದವು. 'ಇದೇ ಕೊನೇದು' ಎಂದಿದ್ದ. ಚಿಕ್ಕವನಾಗಿದ್ದಾಗಲಾದರೂ ನಾಳೆ ಎಂಬುದಿತ್ತು, ಬೇರೆ ಮಾಡುತ್ತೇನೆ ಎನ್ನುತ್ತಿದ್ದ. ಈಗ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಲಗಿದ್ದಾನೆ, ನಾಳೆ ಸಂಜೆ ಬಂದು ನಾನೇ ತೆಗೆದು ತೋರಿಸುತ್ತೇನೆ ಎಂದು ಹೊದಿಕೆಗೆ ಕೈಹಾಕುತ್ತಾನೆ. ಅವಳಿಗೆ ತನ್ನ ಕೈಗಳನ್ನು ನೋಡಲೂ ಅಸಹ್ಯವಾಯಿತು. ಇನ್ನೂ ಕೆಟ್ಟದ್ದೆಂದರೆ ಅದು ಏನಾಗಿತ್ತು ಎಂಬುದೇ ಅವಳಿಗೆ ಗೊತ್ತಿರಲಿಲ್ಲ. ಎದುರಿಗೇ ಕೂತು ಕೊನೆಯ ನಟ್ಟಿನವರೆಗೂ ಬಿಚ್ಚಿದ್ದಳು, ಒಂದು ಸಲವಾದರೂ ನೋಡಿರಲಿಲ್ಲ.

ಮಧ್ಯಾಹ್ನ ಅವಳು ಎದುರಿನ ಪಂಕ್ಚರ್ ಅಂಗಡಿಯವನನ್ನು ಕರೆತಂದಳು. ಕಿಡಿಯ ದೋಸ್ತ್ ಅವನು. ಶೆಡ್ಡಿನ ಕಿಟಕಿ ಅವನ ಅಂಗಡಿಯ ಕಡೆಗೇ ತೆರೆಯುತ್ತಿತ್ತು. ಅವನು ಮೂಟೆಗಳನ್ನು ನೋಡಿದ, ಅಕ್ಕನ ಮುಖ ನೋಡಿದ, ಕೇಳಬೇಕಾದ್ದು ಏನೂ ಉಳಿಯಲಿಲ್ಲ.

"ಕಿಟಕೀಲಿ ಹಿಂದ್ಗಡೆಯಿಂದ ನೋಡಿದ್ದೆ ಅಕ್ಕ. ಉದ್ದ ಕತ್ತಿತ್ತು. ಒಂಟೆ ಅನ್ಸತ್ತೆ."

"ಒಂಟೆಗೆ ಸೈಕಲ್ ಪೆಡಲ್ ಯಾಕೋ? ಎರಡೇ ಎರಡಿದೆ."

"ಹಾಗಾದ್ರೆ ಎರಡು ಕಾಲಿನ ಒಂಟೆ" ಎಂದ ಅವನು, ತಮಾಷೆಗಲ್ಲ, ನಿಜಕ್ಕೂ ಯೋಚಿಸಿ.

ಇಬ್ಬರೂ ಕೂತು ಪ್ರಯತ್ನಪಟ್ಟರು. ಅಕ್ಕ ಹಣೆ ಗಂಟಿಕ್ಕಿಕೊಂಡು ಒಂದೊಂದೇ ತುಂಡು ಎತ್ತಿ, ಇದು ಎಲ್ಲಿತ್ತು ಎಂದು ತಲೆ ಕೆದಕಿಕೊಂಡಳು. ತಲೆಗೆ ಏನೂ ನೆನಪಿರಲಿಲ್ಲ. ಕತ್ತಲಾಗುವ ಹೊತ್ತಿಗೆ ಎದ್ದು ನಿಂತದ್ದು ಒಂಟೆಯೂ ಅಲ್ಲ, ಮೇಜೂ ಅಲ್ಲ. ಮುಟ್ಟಿದ ಕೂಡಲೇ ಅದು ಅಡ್ಡಬಿತ್ತು. "ನಿಜ ಹೇಳ್ಬಿಡು ಅಕ್ಕ" ಎಂದು ಪಂಕ್ಚರಿನವನು ಎದ್ದುಹೋದ. ಅಕ್ಕ ಎಲ್ಲವನ್ನೂ ಮತ್ತೆ ಮೂಟೆಗಳಿಗೆ ತುಂಬಿದಳು, ಮೊದಲಿದ್ದ ಕ್ರಮದಲ್ಲೇ ಕೆಳಗಿನದು ಕೆಳಗೆ, ಮೇಲಿನದು ಮೇಲೆ. ಅದೊಂದು ಅಭ್ಯಾಸ ಅವಳದು. ಮೂಟೆಯಿಂದ ತೆಗೆದದ್ದನ್ನು ಹೇಗಿತ್ತೋ ಹಾಗೇ ಇಡುವುದು.

ಬೆಳಗ್ಗೆ ಹೇಳಿಬಿಡೋಣವೆಂದೇ ಶೆಡ್ಡಿಗೆ ಹೋಗಿ ಫೋನು ಮಾಡಿದಳು. ಆ ಕಡೆಯ ದನಿ ಕೇಳಿದ್ದೇ ತಡ ಬೇರೆ ಮಾತು ಬಾಯಿಗೆ ಬಂತು. "ನಿದ್ದೆ ಮಾಡಿದ್ನಾ?" ಎಂದು ಕೇಳಿದಳು.

"ಮಾಡಿದ್ರು ಅತ್ತಿಗೆ. ಪಕ್ಕದ ಮಂಚದವರ ಗೊರಕೆ ಕೇಳ್ಬೇಕು ನೀವು" ಎಂದು ಕಿಡಿಯ ಹೆಂಡತಿ ಗೊರಕೆಯ ಕಥೆ ಶುರುಮಾಡಿದಳು. ಅಕ್ಕ ಹೂಂಗುಟ್ಟುತ್ತ ಕೂತಳು. ಗೊರಕೆ ಮುಗಿದು ಆಸ್ಪತ್ರೆಯ ಗಂಜಿಯ ಕಥೆ ಬಂದಾಗ ಅವಳಿಗೆ ತೊಡೆಯ ಮೇಲೆ ಏನೋ ತಣ್ಣಗೆ ತಾಗಿತು. ಬಗ್ಗಿ ನೋಡಿದಳು. ಎರಡು ಪೆಡಲುಗಳು ಕಾಲುಗಳಾಗಿ ಒಂದು ಕಬ್ಬಿಣದ ಪಟ್ಟಿಗೆ ಬಿಗಿದುಕೊಂಡು ಕೂತಿದ್ದವು. ಯಾವಾಗ ಬಿಗಿದಳೋ. ನೋಡಿದ್ದೇ ತಡ ಕೈ ನಿಂತುಹೋಯಿತು, ಮುಂದಿನದು ಏನೆಂದು ಹೊಳೆಯಲಿಲ್ಲ.

ಅಕ್ಕನಿಗೆ ಆಗ ಅರ್ಥವಾಯಿತು. ಬಿಚ್ಚಿದ್ದು ಅವಳಲ್ಲ, ಕೈ. ನೆನಪಿರುವುದೂ ಕೈಗೆ. ಅವಳು ಕಣ್ಣನ್ನು ಗೋಡೆಯ ಮೇಲೆ ನೆಟ್ಟು, "ಗಂಜಿಗೆ ಉಪ್ಪಾದ್ರೂ ಹಾಕಿದ್ರಾ? ಹೇಳು, ಹೇಳು" ಎಂದಳು.

ಕಿಡಿಯ ಹೆಂಡತಿ ಮಿತಭಾಷಿ. ಯಾವತ್ತೂ ವಿಷಯ ಹೇಳಿ ಫೋನಿಡುವವಳು. ಅವತ್ತು ಮಾತ್ರ ಏನಾಗಿತ್ತೋ, ಹೇಳುತ್ತಲೇ ಹೋದಳು. ಗಂಜಿಯಿಂದ ನರ್ಸಮ್ಮನ ಚಪ್ಪಲಿಗೆ, ಚಪ್ಪಲಿಯಿಂದ ತನ್ನ ತವರಿನ ಚಿಕ್ಕಮ್ಮನ ಜಿಪುಣತನಕ್ಕೆ. ಒಮ್ಮೊಮ್ಮೆ ಮಾತು ನಿಂತು, ಯಾರೋ ಪಕ್ಕದಿಂದ ಪಿಸುಗುಟ್ಟಿದಂತಾಗಿ, ಮತ್ತೆ ಶುರುವಾಗುತ್ತಿತ್ತು. ಅಕ್ಕ ಗೋಡೆ ನೋಡುತ್ತ, ಚಿಕ್ಕಮ್ಮನನ್ನು ಬೈಯುತ್ತ, ಮೂಟೆಗಳಿಗೆ ಕೈಹಾಕಿ ಹಾಕಿ ತೆಗೆದಳು. ತಂತಿ ತನ್ನ ಹಳೆಯ ಮಡಿಕೆಗಳಲ್ಲೇ ಸುತ್ತಿಕೊಂಡಿತು.

ಮೂಟೆಗಳು ಬರಿದಾದ ಮೇಲೆ ಕೈಗಳು ಗಾಳಿಯಲ್ಲಿ ತಡಕಾಡಿದವು. ಇನ್ನೂ ಒಂದು ಬೇಕು ಎನ್ನುವಂತೆ ಅವು ನಿಂತವು. ಅಕ್ಕ ಧೈರ್ಯ ಮಾಡಿ ತಿರುಗಿ ನೋಡಿದಳು.

ಒಂದು ಕೋಳಿ. ತಗ್ಗುಬಿದ್ದ ಹಿತ್ತಾಳೆ ಕೆಟಲಿನ ಹೊಟ್ಟೆ, ಅಲ್ಯೂಮಿನಿಯಂ ಮುಚ್ಚಳದ ರೆಕ್ಕೆ, ಹಳೆಯ ಬೀಗದ ಕೈಗಳ ಬಾಲ, ಬಳುಕುವ ಸ್ಪ್ರಿಂಗಿನ ಉದ್ದ ಕತ್ತು, ಸೈಕಲ್ ಬೆಲ್ಲಿನ ತಲೆ, ಅದರ ಮೇಲೆ ಹಲ್ಲುಚಕ್ರದ ಅರ್ಧದಿಂದ ಮಾಡಿದ ಜುಟ್ಟು. ಇಕ್ಕಳದ ಬಾಯಿಯೇ ಕೊಕ್ಕು. ಕಾಲಬಳಿ ಬಾಗಿಲಿನ ಹಿತ್ತಾಳೆ ಗುಬುಟು ಒಂದು ಮೊಟ್ಟೆಯಾಗಿ ಬಿದ್ದಿತ್ತು. ಕೋಳಿ ಕತ್ತು ಓರೆ ಮಾಡಿ, ಎರಡು ವಾಷರುಗಳ ಕನ್ನಡಕದ ಮೇಲಿಂದ, ಅದನ್ನೇ ನೋಡುತ್ತಿತ್ತು. ಆದರೆ ಕೊಕ್ಕು ಬರಿದಾಗಿ ತೆರೆದುಕೊಂಡಿತ್ತು. ಅಲ್ಲಿ ಏನೋ ಇತ್ತು. ಯಾವ ಮೂಟೆಯಲ್ಲೂ ಉಳಿದಿರಲಿಲ್ಲ.

ಕಳೆದದ್ದು ಏನೆಂದು ತಿಳಿಯದೆ ಅಕ್ಕ ಅಭ್ಯಾಸಬಲದಿಂದ ಸೊಂಟದ ಚೀಲಕ್ಕೆ ಕೈಹಾಕಿದಳು, ಅಯಸ್ಕಾಂತದಿಂದ ನೆಲ ತಡಕೋಣವೆಂದು. ಕೈಗೆ ಎರಡು ಸಿಕ್ಕವು. ಒಂದಕ್ಕೊಂದು ಗಟ್ಟಿಯಾಗಿ ಕಚ್ಚಿಕೊಂಡಿದ್ದವು. ಒಂದು ಹೊಸದು. ಇನ್ನೊಂದರ ಅಂಚು ಮುಕ್ಕಾಗಿತ್ತು, ಅಪ್ಪನದು. ನಿನ್ನೆ ಅವಳ ಕೈ ಎಲ್ಲವನ್ನೂ ಮೂಟೆಗೆ ಹಾಕಿ, ಇದನ್ನು ಮಾತ್ರ ಇದರ ಜಾಗಕ್ಕೆ ಹಾಕಿತ್ತು.

ಅವಳು ಅದನ್ನು ಕೊಕ್ಕಿನ ಬಳಿ ತಂದಳು. ತಂತಿಯೂ ಬೇಕಾಗಲಿಲ್ಲ, ಕೊಕ್ಕು ದಾರವನ್ನು ಹಿಡಿಯಿತು, ಅಯಸ್ಕಾಂತ ಮೊಟ್ಟೆಯ ಮೇಲೆ ಜೋಲಾಡಿತು. ಈಗ ಕೋಳಿ ಏನು ಮಾಡುತ್ತಿದೆ ಎಂಬುದು ಎಂಥ ದಡ್ಡರಿಗೂ ತಿಳಿಯುವಂತಿತ್ತು. ಕತ್ತು ಓರೆ, ಕಣ್ಣು ಕಿರಿದು, ಜಗತ್ತಿನಲ್ಲಿ ಯಾರನ್ನೂ ನಂಬದ ಮುಖ. ಕನ್ನಡಕದ ಒಂದು ಕಡ್ಡಿಗೆ ದಾರ ಬೇರೆ ಸುತ್ತಿತ್ತು.

"ತಾನೇ ಇಟ್ಟ ಮೊಟ್ಟೆಗೂ!" ಎಂದಳು ಅಕ್ಕ. "ತಾನೇ ಇಟ್ಟ ಮೊಟ್ಟೆಗೂ ಮ್ಯಾಗ್ನೆಟ್ ಹಿಡಿದು ನೋಡ್ತಾಳೆ, ಮುಂಡೇದು!"

ಅವಳ ಹೊಟ್ಟೆಯೊಳಗಿನಿಂದ ಏನೋ ಎದ್ದು ಬಂತು. ಮೊದಲು ಕೆಮ್ಮೆಂದುಕೊಂಡಳು. ಆಮೇಲೆ ಅದು ತಡೆಯಲು ಆಗಲಿಲ್ಲ. ಮುಕ್ಕಾಲಿಯ ಮೇಲೆ ಕೂತು, ಪಕ್ಕೆ ಹಿಡಿದುಕೊಂಡು, ಕನ್ನಡಕ ಜಾರಿ ಮೂಗಿನ ತುದಿಗೆ ಬಂದು, ಕಣ್ಣಲ್ಲಿ ನೀರು ಬರುವಂತೆ ಗುಜರಿ ಅಕ್ಕ ನಕ್ಕಳು. ಕನ್ನಡಕ ಸರಿಮಾಡಿಕೊಂಡು ಕೋಳಿಯನ್ನು ನೋಡುವಳು, ಮತ್ತೆ ನಗುವಳು.

"ಯಾಕೆ ಅತ್ತಿಗೆ? ಏನಾಯ್ತು?" ಎಂದಿತು ಫೋನು.

"ಏನಿಲ್ಲ ಕಣಮ್ಮ, ಏನಿಲ್ಲ. ನಿಮ್ಮ ಚಿಕ್ಕಮ್ಮನ್ನ ನೆನೆಸ್ಕೊಂಡೆ" ಎಂದು ಫೋನಿಟ್ಟಳು.

ಸಂಜೆ ಕಿಡಿ ಬಂದ. ಕಪ್ಪು ಕನ್ನಡಕ, ಹೆಂಡತಿಯ ಭುಜದ ಮೇಲೆ ಕೈ. ಶೆಡ್ಡಿನ ಬಾಗಿಲಲ್ಲಿ ಅಕ್ಕ ನಿಂತಿದ್ದಳು. ಹೊದಿಕೆಯನ್ನು ಒಗೆದು ಒಣಗಿಸಿ ಮತ್ತೆ ಮುಚ್ಚಿದ್ದಳು. ಹೇಳದೆ ಇದ್ದುಬಿಡಬಹುದಿತ್ತು. ಆದರೆ ಅವನ ಮುಖ ನೋಡಿದ ಮೇಲೆ ಸುಮ್ಮನಿರಲು ಅವಳಿಂದ ಆಗಲಿಲ್ಲ.

"ತಮ್ಮಾ, ಅದನ್ನ ತೆಗೆಯೋಕೆ ಮುಂಚೆ ಒಂದು ಮಾತು. ನಾನು ನಿನ್ನೆ..."

"ಗೊತ್ತು ಬಿಡಕ್ಕ" ಎಂದ ಕಿಡಿ. ಮುಕ್ಕಾಲಿ ತಡಕಿ ಕೂತುಕೊಂಡ. "ಕಣ್ಣಿಗೆ ಔಷಧಿ ಹಾಕಿದ್ರು, ಕಿವಿಗೇನೂ ಹಾಕಿರಲಿಲ್ಲ. ಸ್ಪೀಕರಲ್ಲಿ ಎಲ್ಲಾ ಕೇಳಿಸ್ತಿತ್ತು. ಹಿತ್ತಾಳೆ ಮೂಟೆಗೆ ಬಿದ್ರೆ ನನಗೆ ಗೊತ್ತಾಗಲ್ವಾ? ಆ ಸದ್ದಲ್ಲೇ ಅಲ್ವಾ ನಾನು ಮಲಗಿ ಎದ್ದಿದ್ದು? ಮೊದಲು ತಂತಿ, ಆಮೇಲೆ ಜುಟ್ಟು, ಆಮೇಲೆ ರೆಕ್ಕೆ. ಒಂದೊಂದೂ ಎಣಿಸ್ತಾ ಮಲಗಿದ್ದೆ."

ಅಕ್ಕ ಬಾಗಿಲು ಹಿಡಿದುಕೊಂಡಳು. "ಅದಕ್ಕೇ ನಿನ್ನ ಬಿಪಿ..."

"ಏರದೆ ಇರತ್ತಾ? ಸಿಟ್ಟು ನೆತ್ತಿಗೇರಿತ್ತು."

"ಮತ್ತೆ ಒಂದು ಕೂಗು ಹಾಕೋದಲ್ವೇನೋ! ನಿಲ್ಸು ಅಂತ ಒಂದು ಮಾತು ಹೇಳಿದ್ರೆ ಆಗ್ತಿರಲಿಲ್ವಾ?"

ಕಿಡಿ ಕಪ್ಪು ಕನ್ನಡಕವನ್ನು ಮೂಗಿನ ಮೇಲೆ ಸರಿಮಾಡಿಕೊಂಡ. "ಹೇಳೋಣ ಅಂತಲೇ ಬಾಯಿ ತೆಗೆದೆ. ನಿನ್ನ ದನಿ ಕೇಳಿಸ್ತು, ನಡುಗ್ತಾ ಇತ್ತು. ಒಬ್ಬಳೇ ಕೂತಿದ್ದೀಯ. ಕೈಗೆ ಅದೊಂದು ಕೆಲಸಾನೂ ಇಲ್ದೆ ಹೋದ್ರೆ ನಿನಗೇನಾಗತ್ತೋ ಅನ್ನಿಸ್ತು. ಬಿಚ್ಕೊಳ್ಲಿ ಬಿಡು ಅಂದ್ಕೊಂಡೆ. ಅಂದ್ಕೊಂಡ್ಮೇಲೆ ಬಿಪಿ ಇಳೀತು."

ಅಕ್ಕ ಬಾಗಿಲು ಬಿಟ್ಟು ಬಂದು ಅವನ ಗಾಯವಾದ ಬೆರಳುಗಳನ್ನು ಹಿಡಿದುಕೊಂಡಳು.

"ಇವತ್ತು ಬೆಳಗ್ಗೆ ಸದ್ದು ತಿರುಗಿತ್ತು" ಎಂದ ಅವನು. "ಮೂಟೆಯಿಂದ ಮೇಲಕ್ಕೆ ಬರೋ ಸದ್ದು. ನನಗೆ ನಂಬೋಕಾಗಲಿಲ್ಲ. ಫೋನ್ ಇಡ್ಬೇಡ ಕಣೇ, ಏನಾದ್ರೂ ಹೇಳ್ತಾ ಇರು ಅಂತ ಇವಳನ್ನ ಚಿವುಟಿ ಚಿವುಟಿ ಮಾತಾಡಿಸ್ದೆ."

"ತೋಳು ಕಪ್ಪಾಗಿದೆ ನೋಡಿ ಅತ್ತಿಗೆ" ಎಂದಳು ಅವನ ಹೆಂಡತಿ. "ಇಲ್ದಿದ್ರೆ ನಮ್ಮ ಚಿಕ್ಕಮ್ಮನ ಸುದ್ದಿ ನಾನ್ಯಾಕೆ ಎತ್ತಲಿ?"

ಕಿಡಿ ಎದ್ದು ಹೊದಿಕೆ ಎಳೆದ. ಕಪ್ಪು ಕನ್ನಡಕ ಎತ್ತಿ, ಹೊಸ ಕಣ್ಣು ಕಿರಿದು ಮಾಡಿ, ಕೋಳಿಯ ಸುತ್ತ ನಿಧಾನವಾಗಿ ಒಂದು ಸುತ್ತು ಬಂದ. ಬೆರಳಿನಿಂದ ಅಲ್ಲಲ್ಲಿ ತಟ್ಟಿದ.

"ಬಾಲ ತಲೆಕೆಳಗಾಗಿದೆ" ಎಂದ.

"ಸರಿ ಮಾಡ್ತೀನಿ. ಈಗ್ಲೇ..."

"ಬೇಡ. ಹಾಗೇ ಇರ್ಲಿ. ಅದು ನೀನು ಮಾಡಿದ್ದು." ಅವನು ಅಕ್ಕನ ಕಡೆ ತಿರುಗಿದ. "ಅಕ್ಕ, ಇದನ್ನ ಯಾಕೆ ಮಾಡಿದ್ದೆ ಗೊತ್ತಾ? ಹೊದಿಕೆ ತೆಗೆದಾಗ ನೀನು ನಗ್ತೀಯ ಅಂತ. ಅಲ್ಯೂಮಿನಿಯಂ ಅಂತೀಯೋ ಏನೋ ಅಂತ ಭಯಾನೂ ಇತ್ತು. ಬೆಳಗ್ಗೆ ಮಲಗಿದ್ದಲ್ಲೇ ನಿನ್ನ ನಗು ಕೇಳ್ದೆ. ಇಷ್ಟು ವರ್ಷದಲ್ಲಿ ನೀನು ನಕ್ಕಿದ್ದು ಹೇಗಿರತ್ತೆ ಅಂತ ನನಗೆ ಗೊತ್ತೇ ಇರಲಿಲ್ಲ. ನೀನೇನಾ ಅಂತ ಇವಳನ್ನ ಕೇಳ್ದೆ."

ಅಕ್ಕ ಕಣ್ಣೊರೆಸಿಕೊಂಡಳು, ಮೂಗೊರೆಸಿಕೊಂಡಳು. "ನಾನೇನು ಹೀಗೇ ಕಾಣ್ತೀನಾ?" ಎಂದು ಕೋಳಿಯನ್ನು ತೋರಿಸಿದಳು. ಆ ಪ್ರಶ್ನೆ ಕೇಳುವಾಗ ಅವಳ ಕತ್ತು ಓರೆಯಾಗಿತ್ತು, ಕಣ್ಣು ಕನ್ನಡಕದ ಮೇಲಿಂದ ಇಣುಕುತ್ತಿತ್ತು. ಗಂಡ ಹೆಂಡತಿ ಇಬ್ಬರೂ ಒಟ್ಟಿಗೇ ನಕ್ಕರು. ಅಕ್ಕನಿಗೂ ನಗು ಬಂತು.

"ಆ ಮ್ಯಾಗ್ನೆಟ್ ವಾಪಸ್ ತಗೋ. ಅಪ್ಪಂದು. ಕದ್ದಿದ್ದು ನಾನೇ" ಎಂದ ಕಿಡಿ.

"ಅಲ್ಲೇ ಇರ್ಲಿ. ಹೊಸದಕ್ಕೂ ಹಿಡಿತ ಇದೆ."

ಹೆಂಡತಿ ಟೀ ಮಾಡಲು ಒಳಗೆ ಹೋದಳು. ಕಿಡಿ ಶೆಡ್ಡಿನ ಗೋಡೆಗೆ ಒರಗಿ ಕಾಲು ಚಾಚಿದ. ಮುಕ್ಕಾಲಿಯನ್ನು ಅಕ್ಕನ ಕಡೆಗೆ ತಳ್ಳಿದ. ಅಂಗಡಿಯ ಕಡೆಯಿಂದ, ಅವಳು ಇನ್ನೂ ಬೇರ್ಪಡಿಸದ ಒಂದು ಮೂಟೆಯನ್ನು ಎಳೆದು ತಂದು ಅವಳ ಪಕ್ಕಕ್ಕಿಟ್ಟ. ಅದರಲ್ಲಿ ಒಲೆಯ ಬರ್ನರು, ಬೀಗದ ಚಿಲಕ, ಟಾರ್ಚಿನ ಕೊಳವೆ, ಏನೇನೋ ಇತ್ತು.

"ಕೂತ್ಕೋ ಅಕ್ಕ. ನನಗೆ ಸಣ್ಣ ಕೆಲಸ ಬೇಡ ಅಂದಿದ್ದಾರೆ, ಮಾತಾಡ್ಬೇಡ ಅಂದಿಲ್ಲ. ಆಸ್ಪತ್ರೇಲಿ ನನ್ನ ಪಕ್ಕದ ಮಂಚದಲ್ಲಿ ಒಬ್ಬ ಇದ್ದ. ಗೊರಕೆ ಹೊಡೆದ್ರೆ ಮೀಸೆ ಎರಡೂ ಮೇಲಕ್ಕೆ ಹಾರ್ತಿತ್ತು. ಮೂಗಂತೂ ಈ ನಲ್ಲಿ ಇರತ್ತಲ್ಲ, ಆ ಥರ..."

ಅಕ್ಕ ಕೂತಳು. ತಮ್ಮನ ಮುಖವನ್ನೇ ನೋಡುತ್ತ, "ಆಮೇಲೆ?" ಎಂದಳು. ಅವಳ ಕೈ ಮೂಟೆಯೊಳಗೆ ಹೋಗಿ, ತಡಕಿ, ಹಿತ್ತಾಳೆಯ ನಲ್ಲಿಯೊಂದನ್ನು ಹೊರಗೆ ತೆಗೆಯಿತು. ಹಿತ್ತಾಳೆಯ ಮೂಟೆ ಪಕ್ಕದಲ್ಲೇ ಬಾಯಿ ತೆರೆದುಕೊಂಡಿತ್ತು. ಕೈ ಅದರ ಕಡೆ ಹೋಗಲಿಲ್ಲ. ನಲ್ಲಿಯನ್ನು ಒಂದು ಕಬ್ಬಿಣದ ಪಟ್ಟಿಯ ಮೇಲಿಟ್ಟು, ತಂತಿಗಾಗಿ ತಡಕಾಡಿತು.